ಕೀಲಿ ತಿರುಗಿಸಿದರೆ ‘ಟಕ್’ ಅಷ್ಟೇ: ಹಳೆಯ ಗಾರ್ಡನ್ ಟ್ರ್ಯಾಕ್ಟರಿನ ಸ್ಟಾರ್ಟಿಂಗ್ ತೊಂದರೆಗಳು

ಪ್ರಶ್ನೆ: ನಾವು ಅಮೆರಿಕದ ಓಹಾಯೋದಲ್ಲಿದ್ದೇವೆ. ಮನೆ ಹಿಂದಿನ ಎರಡೆಕರೆ ಹುಲ್ಲು ಕತ್ತರಿಸಲು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಹಳೆಯ ಕಬ್ ಕೆಡೆಟ್ 1450 ಕೊಂಡಿದ್ದೇನೆ. ಹಿಂದಿನ ಮಾಲೀಕರು ಪೂರ್ತಿ ಬಿಚ್ಚಿ, ಬಣ್ಣ ಹೊಡೆಸಿ ಜೋಡಿಸಿದ್ದಾರೆ, ನೋಡಲು ಹೊಸದರಂತಿದೆ. ಆದರೆ ಕೀಲಿ ತಿರುಗಿಸಿದರೆ ಒಂದು ‘ಟಕ್’ ಸದ್ದು ಬರುತ್ತದೆ, ಎಂಜಿನ್ ಅಲುಗಾಡುವುದಿಲ್ಲ. ಕೆಲವು ಸಲ ಆ ಸದ್ದೂ ಇಲ್ಲ. ಬ್ಯಾಟರಿ ಹೊಸದು, ಬ್ಯಾಟರಿಯಿಂದ ಸ್ಟಾರ್ಟರಿಗೆ ಕರೆಂಟ್ ಕೂಡಿಸುವ ಸೊಲೆನಾಯ್ಡ್ ಕೂಡ ಬದಲಿಸಿದ್ದಾಯಿತು. ಇನ್ನು ಸ್ಟಾರ್ಟರ್ ಮೋಟಾರ್ ಬದಲಿಸಬೇಕೆ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಅರ್ಧ ಗಂಟೆಯಲ್ಲಿ ದೋಷ ಎಲ್ಲಿದೆ ಎಂದು ಗೊತ್ತಾಗುತ್ತದೆ. ನೀವು ಬರೆದಿರುವುದರಲ್ಲಿ ನಮ್ಮ ಅನುಮಾನ ಮೊದಲು ಹೋಗುವುದು ಮೋಟಾರಿನ ಮೇಲಲ್ಲ, ಆ ಹೊಸ ಬಣ್ಣದ ಮೇಲೆ.

1450 ಇರುವುದು 1974ರಿಂದ 1979ರವರೆಗೆ ಬಂದ ‘ಕ್ವಯಟ್ ಲೈನ್’ ಸರಣಿಯಲ್ಲಿ. ಅದರಲ್ಲಿ 14 ಅಶ್ವಶಕ್ತಿಯ ಕೋಹ್ಲರ್ ಕೆ321 ಎಂಜಿನ್ ಇದೆ. ಅದುರುವಿಕೆ ಕಡಿಮೆಯಾಗಲಿ ಎಂದು ಈ ಸರಣಿಯಲ್ಲಿ ಎಂಜಿನ್ನನ್ನು ರಬ್ಬರ್ ದಿಂಬುಗಳ ಮೇಲೆ ಕೂರಿಸಿದ್ದಾರೆ. ರಬ್ಬರಿನಲ್ಲಿ ಕರೆಂಟ್ ಹರಿಯದು. ಹಾಗಾಗಿ ಸ್ಟಾರ್ಟರ್ ಎಳೆಯುವ ನೂರರ ಆಸುಪಾಸಿನ ಆಂಪಿಯರ್ ಪೂರಾ ಬ್ಯಾಟರಿಗೆ ವಾಪಸಾಗಬೇಕಾದದ್ದು ಎಂಜಿನ್ನಿನಿಂದ ಹೊರಡುವ ಅರ್ಥ್ ಪಟ್ಟಿಯ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ ಸೇರುವ ಪಟ್ಟಿಯ ಮೂಲಕ. ಬಿಚ್ಚಿ ಬಣ್ಣ ಹೊಡೆದವರು ಆ ಪಟ್ಟಿಯನ್ನು ಬಣ್ಣದ ಮೇಲೇ ಬಿಗಿದಿರುತ್ತಾರೆ, ಇಲ್ಲವೇ ಹಾಕುವುದನ್ನೇ ಮರೆತಿರುತ್ತಾರೆ. ಆಗ ಕರೆಂಟ್ ಚೋಕ್ ಕೇಬಲ್, ಥ್ರಾಟಲ್ ಕೇಬಲ್ ಹೀಗೆ ಸಿಕ್ಕ ಸಂದಿಯಲ್ಲಿ ನುಸುಳುತ್ತದೆ. ನಾಲ್ಕೈದು ಸಲ ಕೀಲಿ ತಿರುಗಿಸಿದ ಮೇಲೆ ಚೋಕ್ ಕೇಬಲ್ಲಿನ ಹೊರಕವಚ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಅಲ್ಲೇ ಸಿಕ್ಕಿತು.

ಸ್ಟಾರ್ಟರ್ ಓಡದೆ ಇರುವಾಗ ಎಲ್ಲಿ ಅಳೆದರೂ 12.6 ವೋಲ್ಟ್ ತೋರಿಸುತ್ತದೆ, ಅದನ್ನು ನಂಬಬೇಡಿ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕೇಬಲ್ಲಿನ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಅದು ಸಾಕು. ಆದರೆ ತುಕ್ಕು ಹಿಡಿದ ಜೋಡಣೆಯಲ್ಲಿ 0.05 ಓಮ್ ತಡೆ ಇದ್ದರೆ, 100 ಆಂಪಿಯರ್ ಹರಿಯುವಾಗ ಅಲ್ಲಿಯೇ 5 ವೋಲ್ಟ್ ಕಳೆದುಹೋಗುತ್ತದೆ. ಓಮ್ ಅಳೆಯುವ ಅಗ್ಗದ ಮೀಟರಿಗೆ ಇಷ್ಟು ಸಣ್ಣ ತಡೆ ಕಾಣುವುದೇ ಇಲ್ಲ. ಆದ್ದರಿಂದ ಅಳೆಯಬೇಕಾದದ್ದು ಕೀಲಿಯನ್ನು ಸ್ಟಾರ್ಟ್‌ನಲ್ಲಿ ಹಿಡಿದಿರುವಾಗ, ಮಾರ್ಗದ ಒಂದೊಂದು ತುಂಡಿನ ಎರಡು ತುದಿಗಳ ನಡುವೆ.

ಮೊದಲು ಸಿದ್ಧತೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಕತ್ತರಿಸುವ ಡೆಕ್ಕಿಗೆ ಎಂಜಿನ್ನಿನ ಶಕ್ತಿ ಕೊಡುವ ಪಿಟಿಒ ಬಂದ್ ಮಾಡಿ. ಎಂಜಿನ್ ಅಕಸ್ಮಾತ್ ಹೊತ್ತಿಕೊಳ್ಳದಂತೆ ಇಗ್ನಿಷನ್ ಕಾಯಿಲ್‌ನ ಪ್ಲಸ್ ತಂತಿಯನ್ನು ಕಳಚಿ, ತುದಿಗೆ ಟೇಪ್ ಸುತ್ತಿ. ಉಂಗುರ, ಕೈಗಡಿಯಾರ ತೆಗೆದಿಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೀಲಿ ತಿರುಗಿಸಲು ಇನ್ನೊಬ್ಬರನ್ನು ಕೂರಿಸಿ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಬ್ಯಾಟರಿ ಹೊಸದೆಂದಿದ್ದೀರಿ, ಆದರೂ ಅದರಿಂದಲೇ ಶುರು ಮಾಡಿ. ಸುಮ್ಮನಿದ್ದಾಗ 12.6 ವೋಲ್ಟ್ ಎಂದರೆ ಪೂರ್ತಿ ಚಾರ್ಜ್, 12.2 ಎಂದರೆ ಸುಮಾರು ಅರ್ಧ. ಕೀಲಿ ಹಿಡಿದಾಗ 9.6ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಬ್ಯಾಟರಿ ದುರ್ಬಲ, ಅಥವಾ ಎಂಜಿನ್ ಹಿಡಿದುಕೊಂಡಿದೆ, ಅಥವಾ ಸ್ಟಾರ್ಟರಿನೊಳಗೆ ಶಾರ್ಟ್ ಆಗಿದೆ. ಸ್ಪಾರ್ಕ್ ಪ್ಲಗ್ ತೆಗೆದು ಫ್ಲೈವ್ಹೀಲನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಎಂಜಿನ್ ಮೇಲಿನ ಅನುಮಾನ ಹೋಗುತ್ತದೆ. ‘ಟಕ್’ ಎಂದಾಗಲೂ ಬ್ಯಾಟರಿ 12.4ರಲ್ಲೇ ನಿಂತಿದ್ದರೆ ಕರೆಂಟ್ ಹರಿಯುತ್ತಲೇ ಇಲ್ಲ ಎಂದರ್ಥ. ದೋಷ ಮುಂದೆ ಇದೆ.

ಇನ್ನು ಮಾರ್ಗ. ಮೀಟರಿನ ಕಡ್ಡಿಯನ್ನು ಕೇಬಲ್ ಕ್ಲಾಂಪಿಗೆ ಇಡಬೇಡಿ, ಬ್ಯಾಟರಿಯ ಸೀಸದ ಕಂಬದ ತಲೆಗೇ ಒತ್ತಿ. ಕ್ಲಾಂಪಿಗೂ ಕಂಬಕ್ಕೂ ನಡುವಿನ ಬಿಳಿ ಪುಡಿಯೇ ಎಷ್ಟೋ ಸಲ ಕಳ್ಳ.

ಅರ್ಥ್ ಬದಿ: ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ಬರಿ ಲೋಹದ ಮೈಗೆ. ಕೀಲಿ ಹಿಡಿದಾಗ 0.3 ವೋಲ್ಟಿಗಿಂತ ಕಡಿಮೆ ಬರಬೇಕು. ನಾಲ್ಕೈದು ವೋಲ್ಟ್ ಬಂದರೆ ಅರ್ಥ್ ಕೆಟ್ಟಿದೆ. ಒಂದು ಕಡ್ಡಿಯನ್ನು ಮೈನಸ್ ಕಂಬದಲ್ಲೇ ಬಿಟ್ಟು, ಇನ್ನೊಂದನ್ನು ಮೊದಲು ಕ್ಲಾಂಪ್, ಆಮೇಲೆ ಕೇಬಲ್ಲಿನ ಇನ್ನೊಂದು ತುದಿ, ಚಾಸಿ, ಎಂಜಿನ್ ಹೀಗೆ ಒಂದೊಂದೇ ಹೆಜ್ಜೆ ಸರಿಸಿ. ಸಂಖ್ಯೆ ಎಲ್ಲಿ ಏಕಾಏಕಿ ಏರುತ್ತದೋ ಕೆಟ್ಟ ಜೋಡಣೆ ಅದೇ.

ಪ್ಲಸ್ ಬದಿ: ಬ್ಯಾಟರಿಯ ಪ್ಲಸ್ ಕಂಬದಿಂದ ಸ್ಟಾರ್ಟರಿನ ಬೋಲ್ಟಿನವರೆಗೆ ಒಟ್ಟು 0.5 ವೋಲ್ಟ್ ಮೀರಬಾರದು. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ 0.3 ಮೀರಬಾರದು. ‘ಟಕ್’ ಎಂದ ಮೇಲೂ ಅಲ್ಲಿ ಪೂರ್ತಿ 12 ವೋಲ್ಟ್ ಇದ್ದರೆ ಒಳಗಿನ ತಾಮ್ರದ ಬಿಲ್ಲೆ ಕೂಡುತ್ತಿಲ್ಲ. ಹೊಸ ಸೊಲೆನಾಯ್ಡ್ ಎಂಬ ಮಾತ್ರಕ್ಕೆ ಅದನ್ನು ಲೆಕ್ಕದಿಂದ ಬಿಡಬೇಡಿ, ಅಗ್ಗದವು ಕೆಲವು ಸಲ ಪೆಟ್ಟಿಗೆಯಿಂದ ಬರುವಾಗಲೇ ಕೆಟ್ಟಿರುತ್ತವೆ. ಈ ಎಲ್ಲ ಪರೀಕ್ಷೆಯಲ್ಲೂ ಸಂಖ್ಯೆಗಳು ಸರಿಯಿದ್ದು, ಸ್ಟಾರ್ಟರಿನ ಬೋಲ್ಟಿಗೂ ಅದರ ಮೈಗೂ ನಡುವೆ 11 ವೋಲ್ಟಿಗಿಂತ ಹೆಚ್ಚು ಬಂದೂ ಮೋಟಾರ್ ಸುಮ್ಮನಿದ್ದರೆ, ಆಗ ಮಾತ್ರ ಮೋಟಾರ್ ಬಿಚ್ಚಿ. ಅಲ್ಲಿಯೂ ಸಾಮಾನ್ಯವಾಗಿ ಸಿಗುವುದು ಸವೆದ ಕಾರ್ಬನ್ ಬ್ರಶ್, ಅಥವಾ ಎಣ್ಣೆ-ಧೂಳು ಸೇರಿ ಹೋಲ್ಡರಿನಲ್ಲಿ ಸಿಕ್ಕಿಕೊಂಡ ಬ್ರಶ್. ಬ್ರಶ್ ಸೆಟ್ ಬದಲಿಸಿ, ಬ್ರಶ್ ಕೂರುವ ತಾಮ್ರದ ಉರುಳೆಯನ್ನು, ಅಂದರೆ ಕಮ್ಯುಟೇಟರನ್ನು, ನಯವಾದ ಎಮರಿ ಕಾಗದದಲ್ಲಿ ಉಜ್ಜಿದರೆ ಮೋಟಾರ್ ಬದುಕುತ್ತದೆ.

ಅರ್ಥ್ ದೋಷವಾಗಿದ್ದರೆ ದುರಸ್ತಿ ಹೀಗೆ: ಬ್ಯಾಟರಿಯ ಮೈನಸ್ ಕಂಬದಿಂದ ನೇರವಾಗಿ ಸ್ಟಾರ್ಟರನ್ನು ಎಂಜಿನ್ನಿಗೆ ಬಿಗಿದಿರುವ ಬೋಲ್ಟಿಗೇ 4 ಗೇಜಿನ, ಅಂದರೆ ಸುಮಾರು 21 ಚದರ ಮಿ.ಮೀ. ತಾಮ್ರದ ಕೇಬಲ್ ಎಳೆಯಿರಿ. ಎಂಜಿನ್ ಅದುರುವುದರಿಂದ ಸ್ವಲ್ಪ ಸಡಿಲ ಬಿಡಿ. ಚಾಸಿಗೆ ಇನ್ನೊಂದು ತುಂಡು ಹಾಕಿ. ಕೇಬಲ್ ತುದಿಯ ಲೋಹದ ಲಗ್ ಕೂರುವ ಜಾಗದಲ್ಲಿ ಲೋಹ ಹೊಳೆಯುವವರೆಗೆ ರೂಪಾಯಿ ನಾಣ್ಯದಗಲ ಬಣ್ಣ ಕೆರೆದು, ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ಬಿಗಿದ ಮೇಲೆ ವ್ಯಾಸಲೀನ್ ಸವರಿ. ಹೊಸ ಬಣ್ಣ ಕೆರೆಯಲು ಮನಸ್ಸು ಬಾರದು, ನಿಜ. ಲಗ್‌ನ ಕೆಳಗೆ ಯಾರಿಗೂ ಕಾಣುವುದಿಲ್ಲ. ಕೇಬಲ್ ಕೊಳ್ಳುವಾಗ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದನ್ನು ತರಬೇಡಿ.

‘ಕೆಲವು ಸಲ ಸದ್ದೂ ಇಲ್ಲ’ ಎಂದಿದ್ದೀರಲ್ಲ, ಅದು ಬೇರೆ ದೋಷ. ಸದ್ದು ಬರಬೇಕಾದರೆ ಸೊಲೆನಾಯ್ಡಿನ ಸಣ್ಣ ಟರ್ಮಿನಲ್‌ಗೆ ಕರೆಂಟ್ ತಲುಪಬೇಕು. ಅದು ಕೀಲಿ ಸ್ವಿಚ್, ಬ್ರೇಕ್ ಪೆಡಲ್ಲಿನ ಸುರಕ್ಷತಾ ಸ್ವಿಚ್, ಪಿಟಿಒ ಸ್ವಿಚ್ ಎಲ್ಲವನ್ನೂ ಹಾದು ಬರುತ್ತದೆ. ಪೆಡಲ್ ಪೂರ್ತಿ ಒತ್ತಿ ಕೀಲಿ ಹಿಡಿದು, ಆ ಸಣ್ಣ ಟರ್ಮಿನಲ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. ಸೊನ್ನೆ ಬಂದರೆ ಹಿಂದಕ್ಕೆ ಒಂದೊಂದೇ ಸ್ವಿಚ್ ದಾಟುತ್ತ ಹೋಗಿ. ಬಹಳ ಸಲ ಪೆಡಲ್ ಸ್ವಿಚ್‌ನ ಬ್ರಾಕೆಟ್ ಬಾಗಿ ಗುಂಡಿ ಪೂರ್ತಿ ಒತ್ತಿರುವುದಿಲ್ಲ. 12 ವೋಲ್ಟ್ ಬಂದೂ ಸದ್ದಿಲ್ಲದಿದ್ದರೆ ಸೊಲೆನಾಯ್ಡಿನ ಅರ್ಥ್ ನೋಡಿ. ಮೂರು ಟರ್ಮಿನಲ್‌ನದಾದರೆ ಅದು ತನ್ನ ಕಾಲಿನ ಮೂಲಕವೇ ಅರ್ಥ್ ಪಡೆಯುತ್ತದೆ, ಆ ಕಾಲಿನ ಕೆಳಗೂ ಬಣ್ಣವಿರುತ್ತದೆ. ಒಂಬತ್ತು-ಹತ್ತು ವೋಲ್ಟ್ ಬಂದರೆ ಹಳೆಯ ಸ್ವಿಚ್‌ಗಳೆಲ್ಲ ಚೂರುಚೂರು ತಿನ್ನುತ್ತಿವೆ. ಅದಕ್ಕೆ ಒಳ್ಳೆಯ ಮದ್ದು ಕಾರಿನ 30 ಆಂಪಿಯರ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಕೂಡಿಸುವ ಸ್ವಿಚ್. ಹಳೆಯ ತಂತಿಯನ್ನು ರಿಲೇಯ 86 ಅಂಕಿಯ ಕಾಲಿಗೆ, 85ನ್ನು ಅರ್ಥ್‌ಗೆ, ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಸೊಲೆನಾಯ್ಡಿಗೆ. ಸುರಕ್ಷತಾ ಸ್ವಿಚ್‌ಗಳು ಇದ್ದಲ್ಲೇ ಕೆಲಸ ಮಾಡುತ್ತವೆ, ಹೊರೆ ಮಾತ್ರ ಇಳಿಯುತ್ತದೆ.

ಆ ಸ್ವಿಚ್‌ಗಳನ್ನು ಕಾಯಂ ಆಗಿ ಜಂಪರ್ ಹಾಕಿ ದಾಟಿಸಬೇಡಿ. ಸೊಲೆನಾಯ್ಡಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಅಭ್ಯಾಸವೂ ಬೇಡ. ಚಕ್ರದ ಪಕ್ಕ ನಿಂತು ಹಾಗೆ ಮಾಡುವಾಗ ಗಾಡಿ ಗೇರಿನಲ್ಲಿದ್ದರೆ ಮೈಮೇಲೇ ಹತ್ತುತ್ತದೆ.

ಕೊನೆಗೆ ಇದನ್ನೂ ನೋಡಿಕೊಳ್ಳಿ. ವಿದ್ಯುತ್ ಸಂಖ್ಯೆಗಳೆಲ್ಲ ಸರಿಯಿದ್ದು, ಎಂಜಿನ್ ಅರ್ಧ ಸುತ್ತು ಹೋಗಿ ಕಂಪ್ರೆಷನ್ ಬಳಿ ನಿಂತುಬಿಟ್ಟರೆ, ಪ್ಲಗ್ ತೆಗೆದಾಗ ಮಾತ್ರ ಜೋರಾಗಿ ತಿರುಗಿದರೆ, ದೋಷ ವಾಲ್ವಿನಲ್ಲಿದೆ. ಈ ಕೋಹ್ಲರ್ ಎಂಜಿನ್ನುಗಳಲ್ಲಿ ಸ್ಟಾರ್ಟ್ ಆಗುವಾಗ ಎಗ್ಸಾಸ್ಟ್ ವಾಲ್ವನ್ನು ಕೊಂಚ ಎತ್ತಿ ಒತ್ತಡ ಇಳಿಸುವ ಏರ್ಪಾಡು ವಾಲ್ವ್ ಎತ್ತುವ ಕ್ಯಾಮ್‌ನಲ್ಲಿದೆ. ವಾಲ್ವ್ ಸಂದು ಜಾಸ್ತಿಯಾದರೆ ಆ ಎತ್ತುವಿಕೆ ಸಾಲುವುದಿಲ್ಲ. ತಣ್ಣಗಿರುವಾಗ ಎಗ್ಸಾಸ್ಟ್ ಸಂದು 0.017ರಿಂದ 0.020 ಅಂಗುಲ, ಇನ್‌ಟೇಕ್ 0.008ರಿಂದ 0.010 ಇರಬೇಕು.

ಪ್ರಶ್ನೆ: ನನ್ನದು ಅದೇ ಸರಣಿಯ 1250. ಕೀಲಿ ಸ್ವಿಚ್ ಸಡಿಲವಾಗಿತ್ತು, ಆನ್‌ಲೈನ್‌ನಲ್ಲಿ ಅಂಥದ್ದೇ ಐದು ಕಾಲಿನದನ್ನು ತರಿಸಿ ಹಾಕಿದೆ. ಈಗ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಕಿಡಿ ಇಲ್ಲ.

ಉತ್ತರ: ಬಂದಿರುವುದು ಮ್ಯಾಗ್ನೆಟೋ ಎಂಜಿನ್ನಿನ, ಅಂದರೆ ಬ್ಯಾಟರಿಯಿಲ್ಲದೆ ತಾನೇ ಕಿಡಿ ಹುಟ್ಟಿಸುವ ಎಂಜಿನ್ನಿನ, ಸ್ವಿಚ್ ಇರಬೇಕು. ಹೊರನೋಟಕ್ಕೆ ಎರಡೂ ಒಂದೇ, ಒಳಗಿನ ಕೆಲಸ ತದ್ವಿರುದ್ಧ. ಮ್ಯಾಗ್ನೆಟೋ ಸ್ವಿಚ್ ಆಫ್ ಮಾಡಿದಾಗ ಇಗ್ನಿಷನ್ ತಂತಿಯನ್ನು ಅರ್ಥ್‌ಗೆ ಸೇರಿಸಿ ಎಂಜಿನ್ ನಿಲ್ಲಿಸುತ್ತದೆ. ಆನ್ ಮಾಡಿದಾಗ ಅದನ್ನು ಬಿಟ್ಟುಬಿಡುತ್ತದೆ, ಕರೆಂಟ್ ಕೊಡುವುದಿಲ್ಲ. ನಿಮ್ಮ ಕೆ301 ಎಂಜಿನ್ನಿನದು ಬ್ಯಾಟರಿ ಇಗ್ನಿಷನ್, ಕಾಯಿಲ್‌ಗೆ ಕೀಲಿಯ ಮೂಲಕ 12 ವೋಲ್ಟ್ ಬರಲೇಬೇಕು. ಕಾಲಿನ ಬಳಿ ‘ಎಂ’ ಎಂಬ ಅಕ್ಷರವಿದ್ದರೆ ಮ್ಯಾಗ್ನೆಟೋದ್ದು, ‘ಐ’ ಇದ್ದರೆ ಬ್ಯಾಟರಿ ಇಗ್ನಿಷನ್ನಿನದು. ಸರಿಯಾದ ಸ್ವಿಚ್‌ನಲ್ಲಿ ‘ಬಿ’ (ಬ್ಯಾಟರಿ) ಮತ್ತು ‘ಐ’ ರನ್‌ನಲ್ಲೂ ಸ್ಟಾರ್ಟ್‌ನಲ್ಲೂ ಕೂಡಿರಬೇಕು; ಸಿಕ್ಕಿಸುವ ಮುನ್ನ ಮೀಟರಿನ ಬೀಪ್‌ನಲ್ಲಿ ನೋಡಿಕೊಳ್ಳಿ. ಸ್ಟಾರ್ಟ್‌ನಲ್ಲಿ ಹೊತ್ತಿ, ಕೀಲಿ ಬಿಟ್ಟೊಡನೆ ನಿಲ್ಲುವ ಎಂಜಿನ್ನುಗಳಲ್ಲೂ ಇದೇ ಜೋಡಿ ಪರೀಕ್ಷಿಸಬೇಕು.

ಸ್ವಿಚ್ ಬದಲಿಸಿದ ಮೇಲೂ ಕಿಡಿ ಬರದಿದ್ದರೆ ಕಾಯಿಲ್‌ನ ಮೈನಸ್ ಟರ್ಮಿನಲ್‌ಗೆ ಮೀಟರ್ ಹಿಡಿದು ಫ್ಲೈವ್ಹೀಲನ್ನು ಕೈಯಲ್ಲಿ ತಿರುಗಿಸಿ. ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಕೂಡಿದಾಗ ಸೊನ್ನೆಯ ಹತ್ತಿರ, ತೆರೆದಾಗ 12 ವೋಲ್ಟ್ ಬರಬೇಕು. ಸದಾ 12 ಇದ್ದರೆ ಪಾಯಿಂಟ್ ಕೊಳೆಯಾಗಿದೆ ಅಥವಾ ಕೂಡುತ್ತಿಲ್ಲ. ಸದಾ ಸೊನ್ನೆಯಾದರೆ ಕಂಡೆನ್ಸರ್ ಶಾರ್ಟ್ ಅಥವಾ ಪಾಯಿಂಟಿನ ತಂತಿ ಎಲ್ಲೋ ಮೈಗೆ ತಾಗಿದೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.020 ಅಂಗುಲ, ಅಂದರೆ ಅರ್ಧ ಮಿ.ಮೀ. ಹೊಸ ಪಾಯಿಂಟಿನ ಮೇಲೆ ಕಾರ್ಖಾನೆಯ ಎಣ್ಣೆ ಪದರವಿರುತ್ತದೆ, ಶುದ್ಧ ರಟ್ಟಿನ ಚೂರನ್ನು ನಡುವೆ ಎಳೆದು ಒರೆಸಿ. ಕೀಲಿ ಆನ್‌ನಲ್ಲೇ ಬಿಟ್ಟು ಚಹಾಕ್ಕೆ ಹೋಗಬೇಡಿ: ಪಾಯಿಂಟ್ ಕೂಡಿ ನಿಂತಿದ್ದರೆ ಕಾಯಿಲ್ ಸುಡುತ್ತದೆ.

ಪ್ರಶ್ನೆ: ವಿಜಯಪುರದ ಹತ್ತಿರ ದ್ರಾಕ್ಷಿ ತೋಟಕ್ಕೆ ಮೂರು ಸಿಲಿಂಡರಿನ ಹಳೆಯ ಸಣ್ಣ ಡೀಸೆಲ್ ಟ್ರ್ಯಾಕ್ಟರ್ ಇದೆ. ಡಿಸೆಂಬರ್ ಬೆಳಗ್ಗೆ ಸೆಲ್ಫ್ ಜೋರಾಗಿ ಹೊಡೆಯುತ್ತದೆ, ಬಿಳಿ ಹೊಗೆ ಬರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಧ್ಯಾಹ್ನ ತೊಂದರೆಯಿಲ್ಲ.

ಉತ್ತರ: ಬಿಳಿ ಹೊಗೆ ಅಂದರೆ ಡೀಸೆಲ್ ಬರ್ತಿದೆ, ಉರಿಯುತ್ತಿಲ್ಲ. ನಿಮ್ಮ ಗಾಡಿಯಲ್ಲಿ ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್‌ಗಳಿದ್ದರೆ ಮೊದಲು ಅವನ್ನೇ ನೋಡಿ. ಮೂರನ್ನೂ ಸೇರಿಸುವ ಪಟ್ಟಿಗೆ ಕೀಲಿ ಹೀಟ್ ಕಡೆ ಹಿಡಿದಾಗ 11 ವೋಲ್ಟಾದರೂ ಬರುತ್ತಿದೆಯೇ ಅಳೆಯಿರಿ. ಬಾರದಿದ್ದರೆ ಕೀಲಿ ಸ್ವಿಚ್, ಫ್ಯೂಸ್, ರಿಲೇ ನೋಡಿ. ಬಂದರೆ ಬ್ಯಾಟರಿ ಅರ್ಥ್ ಕಳಚಿ, ಪಟ್ಟಿ ಬಿಚ್ಚಿ, ಪ್ರತಿ ಪ್ಲಗ್ಗಿನ ತುದಿಗೂ ಎಂಜಿನ್ ಮೈಗೂ ಓಮ್ ನೋಡಿ. ಸುಮಾರು 1 ಓಮ್ ಇದ್ದರೆ ಸರಿ, ಮೀಟರ್ ಏನೂ ತೋರಿಸದಿದ್ದರೆ ಸುಟ್ಟಿದೆ. ಮೀಟರ್ ಇಲ್ಲದಿದ್ದರೆ, ಒಂದು ತಂತಿಯನ್ನು ಬ್ಯಾಟರಿ ಪ್ಲಸ್‌ಗೆ ಸಿಕ್ಕಿಸಿದ ಟೆಸ್ಟ್ ಲ್ಯಾಂಪನ್ನು, ಈ ಸಲ ಅರ್ಥ್ ಹಾಕಿಕೊಂಡು, ಪ್ಲಗ್ ತುದಿಗೆ ಮುಟ್ಟಿಸಿ. ಹೊತ್ತದಿದ್ದರೆ ಪ್ಲಗ್ ಹೋಗಿದೆ. ಮೂರರಲ್ಲಿ ಒಂದು ಸತ್ತರೆ ಎಂಜಿನ್ ಕುಂಟುತ್ತ ಹಿಡಿಯುತ್ತದೆ, ಎರಡು ಸತ್ತರೆ ನಿಮ್ಮ ಗಾಡಿಯ ಸ್ಥಿತಿ. ಒಂದು ಸುಟ್ಟಿದ್ದರೂ ಮೂರನ್ನೂ ಬದಲಿಸಿ, ಹಳೆಯದರ ಮೇಲೆ ಅಚ್ಚಾದ ವೋಲ್ಟೇಜ್ ಇರುವುದನ್ನೇ ತನ್ನಿ. ಏರ್ ಫಿಲ್ಟರ್ ಬಾಯಿಗೆ ಈಥರ್ ಸ್ಪ್ರೇ ಹೊಡೆಯುವುದು ಬೇಡ. ಕೆಂಪಗೆ ಕಾದ ಪ್ಲಗ್ಗಿಗೆ ಅದು ತಾಗಿ ಸಮಯಕ್ಕೆ ಮುಂಚೆಯೇ ಸಿಡಿದರೆ ಪಿಸ್ಟನ್ ಒಡೆಯುತ್ತದೆ.