ಓದುಗರ ಪ್ರಶ್ನೆ: ಲೋಡು ಹತ್ತಿಸುವ ಲೆಕ್ಕ

ಪ್ರ: ನ್ಯಾಪ್‌ಸ್ಯಾಕ್ ಸಮಸ್ಯೆ (ತೂಕದ ಮಿತಿಯೊಳಗೆ ಹೆಚ್ಚು ಬೆಲೆ ಬರುವಂತೆ ವಸ್ತುಗಳನ್ನು ಆರಿಸುವುದು) ಡೈನಾಮಿಕ್ ಪ್ರೋಗ್ರಾಮಿಂಗ್‌ನಲ್ಲಿ (ಚಿಕ್ಕ ಉತ್ತರಗಳನ್ನು ಟೇಬಲ್‌ನಲ್ಲಿ ತುಂಬುತ್ತ ದೊಡ್ಡದನ್ನು ಕಟ್ಟುವ ವಿಧಾನ) ಎನ್×ಡಬ್ಲ್ಯೂ ಹೆಜ್ಜೆಗೆ ಮುಗಿಯುತ್ತದೆ (ಎನ್ ಎಂದರೆ ವಸ್ತುಗಳ ಎಣಿಕೆ, ಡಬ್ಲ್ಯೂ ತೂಕದ ಮಿತಿ). ಇದು ಪಾಲಿನಾಮಿಯಲ್ (ಇನ್‌ಪುಟ್ ಗಾತ್ರದ ಒಂದು ನಿಗದಿತ ಘಾತವನ್ನು ಮೀರದ ಸಮಯ) ತಾನೇ? ಮತ್ತೆ ಎನ್‌ಪಿ-ಕಂಪ್ಲೀಟ್ ಪಟ್ಟಿಯಲ್ಲೇಕಿದೆ (ಉತ್ತರವನ್ನು ಬೇಗ ಪರೀಕ್ಷಿಸಬಹುದಾದರೂ ಬೇಗ ಬಿಡಿಸುವ ದಾರಿ ಗೊತ್ತಿಲ್ಲದ ಕಠಿಣ ಸಮಸ್ಯೆಗಳ ಪಟ್ಟಿ)? – ವಿದ್ಯಾರ್ಥಿನಿ, ಬಳ್ಳಾರಿ

ಉ: ಪಾಲಿನಾಮಿಯಲ್ ಅಲ್ಲ. ಇನ್‌ಪುಟ್ ಎಷ್ಟು ದೊಡ್ಡದು ಎಂಬುದನ್ನು ಅಳೆಯುವುದು ಬಿಟ್‌ಗಳಲ್ಲಿ, ಸಂಖ್ಯೆಯ ಬೆಲೆಯಲ್ಲಲ್ಲ. ಗಂಗಾವತಿಯಿಂದ ಅಕ್ಕಿ ಒಯ್ಯುವ ಲಾರಿಗೆ 10 ಟನ್ ಮಿತಿ ಎನ್ನಿ. ಟನ್‌ನಲ್ಲಿ ಡಬ್ಲ್ಯೂ 10, ಬರೆಯಲು 4 ಬಿಟ್ ಸಾಕು. ಕೆಜಿಯಲ್ಲಿ 10,000, ಅಂದರೆ 14 ಬಿಟ್. ಗ್ರಾಂನಲ್ಲಿ 1 ಕೋಟಿ, 24 ಬಿಟ್. ಬಿಟ್ 6 ಪಟ್ಟಾಯಿತು, ಟೇಬಲ್ 10 ಲಕ್ಷ ಪಟ್ಟಾಯಿತು! ತೂಕಗಳೆಲ್ಲ ದುಂಡು ಟನ್ನಿನಲ್ಲಿದ್ದರೆ ಭಾಗಿಸಿ ಕುಗ್ಗಿಸಬಹುದು. ವೇಬ್ರಿಡ್ಜ್ 5,237 ಕೆಜಿ ತೋರಿಸಿದ ಮೇಲೆ ಆ ದಾರಿ ಇಲ್ಲ. ಹೀಗೆ ಬಿಟ್‌ಗಳಿಗಲ್ಲದೆ ಸಂಖ್ಯೆಯ ಬೆಲೆಗೆ ತಕ್ಕಂತೆ ಹೆಜ್ಜೆಗಳು ಬೆಳೆಯುವುದಕ್ಕೇ ಸ್ಯೂಡೊ-ಪಾಲಿನಾಮಿಯಲ್ ಎನ್ನುವುದು. 1972ರಲ್ಲಿ ರಿಚರ್ಡ್ ಕಾರ್ಪ್ ಕೊಟ್ಟ 21 ಎನ್‌ಪಿ-ಕಂಪ್ಲೀಟ್ ಸಮಸ್ಯೆಗಳಲ್ಲಿ ನ್ಯಾಪ್‌ಸ್ಯಾಕ್ ಕೂಡ ಇದೆ.

ಗ್ರೀಡಿ (ಆ ಕ್ಷಣಕ್ಕೆ ಹೆಚ್ಚು ಲಾಭದ್ದೆನಿಸಿದ್ದನ್ನೇ ಮೊದಲು ಆರಿಸುವ ವಿಧಾನ) ಇಲ್ಲಿ ಕೈಕೊಡುತ್ತದೆ. 6 ಟನ್ನಿನ ಒಂದು ಲೋಡಿಗೆ 30 ಸಾವಿರ ಬಾಡಿಗೆ, 5 ಟನ್ನಿನ ಎರಡಕ್ಕೆ ತಲಾ 20 ಸಾವಿರ ಇರಲಿ. ಟನ್ನಿಗೆ ಹೆಚ್ಚು ಸಿಗುತ್ತದೆಂದು 6 ಟನ್ನಿನದನ್ನು ಮೊದಲು ಹತ್ತಿಸಿದರೆ 4 ಟನ್ ಜಾಗ ಖಾಲಿ, ಗಳಿಕೆ 30 ಸಾವಿರ. ಉಳಿದೆರಡನ್ನು ಹಾಕಿದ್ದರೆ 40. ಲೋಡನ್ನು ಒಡೆದು ಹಾಕಬಹುದಾದರೆ ಮಾತ್ರ ಗ್ರೀಡಿ ಸರಿ.

ಲ್ಯಾಬ್‌ನಲ್ಲಿ ಹೆಚ್ಚಾಗಿ ತಪ್ಪುವುದು ಬೇರೆ ಕಡೆ. ಮೆಮೊರಿ ಉಳಿಸಲು ಒಂದೇ ಸಾಲಿನ ಅರೇ ಬಳಸಿದಾಗ ಒಳಗಿನ ಲೂಪ್ ಡಬ್ಲ್ಯೂನಿಂದ ಕೆಳಕ್ಕೆ ಇಳಿಯಬೇಕು. ಮೇಲಕ್ಕೆ ಹತ್ತಿಸಿದರೆ 5 ಟನ್ನಿನ ಒಂದೇ ಲೋಡು 5ನೇ ಮನೆಯಲ್ಲಿ 20 ಬರೆದು, 10ನೇ ಮನೆಗೆ ಬಂದಾಗ ಆ 20ಕ್ಕೆ ತನ್ನನ್ನೇ ಮತ್ತೆ ಕೂಡಿಸಿಕೊಂಡು 40 ಮಾಡುತ್ತದೆ. ಮೇಲಿನ ಉದಾಹರಣೆಯಲ್ಲಂತೂ ಉತ್ತರ 40 ಎಂದೇ ಬರುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ. 5 ಟನ್ನಿನ ಒಂದೇ ಲೋಡು ಕೊಟ್ಟು ಓಡಿಸಿ ನೋಡಿ.

ಪ್ರ: ವರ್ಗಮೂಲದವರೆಗೆ ಭಾಗಿಸಿ ನೋಡುವ ಅವಿಭಾಜ್ಯ ಪರೀಕ್ಷೆಯಾದರೂ ಪಾಲಿನಾಮಿಯಲ್ಲೇ? – ಕೊಪ್ಪಳ

ಉ: ಅದೂ ಅಲ್ಲ, ಕಾರಣ ಅದೇ. ಸಂಖ್ಯೆಗೆ 2 ಅಂಕಿ ಹೆಚ್ಚಿದರೆ ಭಾಗಿಸುವ ಕೆಲಸ ಸುಮಾರು 10 ಪಟ್ಟು. ನಿಜವಾದ ಪಾಲಿನಾಮಿಯಲ್ ಪರೀಕ್ಷೆಯನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಬಳಕೆಯಲ್ಲಿ ಮಾತ್ರ ಮಿಲ್ಲರ್–ರಾಬಿನ್ ಎಂಬ ಸಂಭಾವ್ಯತೆ ಆಧಾರಿತ ಪರೀಕ್ಷೆಯೇ ಚುರುಕು.

ಪ್ರ: ನನ್ನ ಸಮಸ್ಯೆ ಎನ್‌ಪಿ-ಹಾರ್ಡ್ (ಎನ್‌ಪಿಯ ಯಾವ ಸಮಸ್ಯೆಗೂ ಕಡಿಮೆಯಿಲ್ಲದಷ್ಟು ಕಠಿಣ) ಎಂದು ತೋರಿಸಲು ಅದನ್ನು ಸ್ಯಾಟ್‌ಗೆ (ತಾರ್ಕಿಕ ಸೂತ್ರವನ್ನು ನಿಜವಾಗಿಸಬಹುದೇ ಎಂಬ ಎನ್‌ಪಿ-ಕಂಪ್ಲೀಟ್ ಸಮಸ್ಯೆ) ಇಳಿಸಬೇಕೋ, ಅಂದರೆ ಅದರ ರೂಪಕ್ಕೆ ತರಬೇಕೋ, ಸ್ಯಾಟನ್ನು ಅದಕ್ಕೋ? – ರಾಯಚೂರು

ಉ: ಸ್ಯಾಟನ್ನು ನಿಮ್ಮದಕ್ಕೆ. ಉಲ್ಟಾ ಬರೆದರೆ ನಿಮ್ಮ ಸಮಸ್ಯೆ ಸ್ಯಾಟ್‌ಗಿಂತ ಕಠಿಣವಲ್ಲ ಎಂದಷ್ಟೇ ಸಿದ್ಧವಾಗುತ್ತದೆ. ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ (ಸಾರ್ಟಿಂಗ್) ಸುಲಭದ ಕೆಲಸವನ್ನೂ ಹಾಗೆ ಸ್ಯಾಟ್‌ಗೆ ಇಳಿಸಬಹುದು. ರೂಪಾಂತರಕ್ಕೆ ಪಾಲಿನಾಮಿಯಲ್ ಸಮಯ ಸಾಕೆಂದು ತೋರಿಸಿ, ‘ಹೌದು’ ಹೌದಾಗಿಯೂ ‘ಇಲ್ಲ’ ಇಲ್ಲವಾಗಿಯೂ ಉಳಿಯುತ್ತದೆಂದು ಎರಡನ್ನೂ ಬರೆಯಿರಿ. ಎರಡನೆಯದನ್ನು ಬಿಟ್ಟವರಿಗೆ ಅಂಕ ಹೋಗುತ್ತದೆ.