ದಪ್ಪಕ್ಷರ ಮಾಡಿದರೆ ಶೀರ್ಷಿಕೆಯಾಗದು

ಪ್ರಶ್ನೆ: ನಮ್ಮ ತಾಲ್ಲೂಕಿನ ಸುಮಾರು 200 ಶಾಸನಗಳ ವಿವರವನ್ನು ವರ್ಡ್‌ನಲ್ಲಿ ಬರೆದಿಟ್ಟಿದ್ದೇನೆ. ಊರು, ರಾಜವಂಶ, ಕಾಲ ಎಲ್ಲ ಕಲಸಿಹೋಗಿ ಬೇಕಾದ್ದು ಕೈಗೆ ಸಿಗುತ್ತಿಲ್ಲ. ಶೀರ್ಷಿಕೆಗಳನ್ನು ದಪ್ಪಕ್ಷರದಲ್ಲಿ ಇಟ್ಟಿದ್ದರೂ ಶೀರ್ಷಿಕೆಗಳನ್ನು ಹಂತಹಂತವಾಗಿ ತೋರಿಸುವ ಔಟ್‌ಲೈನ್ ನೋಟದಲ್ಲಿ ಅವು ಬೇರೆಯಾಗಿ ಕಾಣುವುದಿಲ್ಲ. ಹೊಸ ತಂತ್ರಾಂಶ ಕಲಿಯಬೇಕೆ?
– ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಬೇಡ, ವರ್ಡ್ ಸಾಕು. ದಪ್ಪಕ್ಷರ ಬರೀ ನೋಟಕ್ಕೆ. ವರ್ಡ್ ಗುರುತಿಸುವುದು ಶೀರ್ಷಿಕೆಗೆಂದೇ ಇರುವ ಹೆಡಿಂಗ್ ಸ್ಟೈಲನ್ನು. ಸಾಲಿನ ಮೇಲೆ ಕರ್ಸರ್ ಇಟ್ಟು ಹೋಬಳಿಗೆ ಕಂಟ್ರೋಲ್+ಆಲ್ಟ್+1, ಊರಿಗೆ 2, ಶಾಸನಕ್ಕೆ 3 ಒತ್ತಿ. ಒಂಬತ್ತು ಹಂತಗಳಿಗೆ ಅವಕಾಶವಿದೆ, ನಿಮಗೆ ಮೂರು ಧಾರಾಳ. ಔಟ್‌ಲೈನ್ ನೋಟದಲ್ಲಿ ಆಲ್ಟ್+ಶಿಫ್ಟ್+2 ಒತ್ತಿದರೆ ಊರುಗಳವರೆಗೆ ಮಾತ್ರ ಕಾಣುತ್ತದೆ.

ಆಲ್ಟ್+ಶಿಫ್ಟ್ ಜೊತೆ ಮೇಲಿನ ಅಥವಾ ಕೆಳಗಿನ ಬಾಣ ಒತ್ತಿದರೆ ಶೀರ್ಷಿಕೆ ಜಾಗ ಬದಲಿಸುತ್ತದೆ. ಹೊಸಬರು ಎಡವುವುದು ಇಲ್ಲೇ: ವಿವರ ಬಿಚ್ಚಿಕೊಂಡಿರುವಾಗ ಬಾಣ ಒತ್ತಿದರೆ ಶೀರ್ಷಿಕೆಯಷ್ಟೇ ಹೋಗಿ, ಅದರ ವಿವರ ಹಿಂದಿನ ಶಾಸನದ ಕೆಳಗೆ ಸೇರಿಬಿಡುತ್ತದೆ. ಮೊದಲು ಪಕ್ಕದ + ಗುರುತನ್ನು ಕ್ಲಿಕ್ ಮಾಡಿ. ಇಡೀ ಭಾಗ ಆಯ್ಕೆಯಾಗುತ್ತದೆ, ಒಟ್ಟಿಗೇ ಚಲಿಸುತ್ತದೆ.

ನಿಮ್ಮ ನಿಜವಾದ ತೊಡಕು ಬೇರೆ. ಔಟ್‌ಲೈನ್ ಎಂದರೆ ಮರ. ಒಂದು ಎಲೆ ಒಂದೇ ಕೊಂಬೆಯಲ್ಲಿರುತ್ತದೆ. ಆದರೆ ನಿಮ್ಮ ಒಂದೊಂದು ಶಾಸನವೂ ಊರಿಗೂ ಸೇರಿದ್ದು, ವಂಶಕ್ಕೂ ಸೇರಿದ್ದು. ಅದಕ್ಕೆಂದು ಎರಡು ಕಡೆ ನಕಲು ಮಾಡಬೇಡಿ. ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ. ಹಂತಗಳು ಊರಿನ ಪ್ರಕಾರವೇ ಇರಲಿ. ಉಳಿದದ್ದನ್ನು ಶಾಸನದ ಕೆಳಗೆ ಒಂದು ಸಾಲಿನಲ್ಲಿ ಗುರುತುಪದಗಳಾಗಿ ಬರೆಯಿರಿ: #ಹೊಯ್ಸಳ #ವೀರಗಲ್ಲು #ಶತಮಾನ12. # ಇದ್ದರೆ ವಿವರದ ನಡುವೆ ಬರುವ ‘ಹೊಯ್ಸಳ’ ಪದ ಹುಡುಕಾಟದಲ್ಲಿ ಅಡ್ಡ ಬರುವುದಿಲ್ಲ. ಪ್ರಿಂಟ್ ಲೇಔಟ್‌ಗೆ ಮರಳಿ, ಕಂಟ್ರೋಲ್+ಎಫ್ ಒತ್ತಿ ಹುಡುಕಿ, ಎಡಗಡೆಯ ಪಟ್ಟಿಯಲ್ಲಿ ಹೆಡಿಂಗ್ಸ್ ಆರಿಸಿದರೆ ಆ ಪದವಿರುವ ಭಾಗಗಳ ಶೀರ್ಷಿಕೆಗಳು ಹಳದಿಯಾಗುತ್ತವೆ. ಬಳಸುವ ಗುರುತುಪದಗಳ ಪಟ್ಟಿಯನ್ನು ಕಡತದ ತಲೆಯಲ್ಲೇ ಇಡಿ. ಒಮ್ಮೆ ‘ವೀರಗಲ್ಲು’, ಇನ್ನೊಮ್ಮೆ ‘ವೀರಗಲ್’ ಎಂದರೆ ಅರ್ಧ ತಪ್ಪಿಹೋಗುತ್ತದೆ.

ಶೀರ್ಷಿಕೆಯಲ್ಲಿ ಶಾಸನ ಸಂಪುಟಗಳ ಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕ್ರಮದಂತೆ ತಾಲ್ಲೂಕಿನ ಹೆಸರು, ಸಂಖ್ಯೆ ಇರಲಿ. ಮುಂದೆ ಇಸವಿಯ ಪ್ರಕಾರ ಜೋಡಿಸಬೇಕೆನಿಸಿದರೆ ಅದು ಎಕ್ಸೆಲ್‌ನ ಕೆಲಸ. ಅಲ್ಲೂ ಇದೇ ಸಂಖ್ಯೆ ಬಳಸಿದರೆ ಎರಡನ್ನೂ ತಾಳೆ ನೋಡಬಹುದು.

ಇಷ್ಟಾದರೂ ಹುಡುಕಿದ್ದು ಸಿಗದಿದ್ದರೆ ಅಕ್ಷರಶೈಲಿ ನೋಡಿ. ಹಳೆಯ ನುಡಿ, ಬರಹ ಆಸ್ಕಿ ಫಾಂಟುಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಸಂಕೇತ. ಆ ಭಾಗವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿಕೊಳ್ಳಿ.