ಸೊನ್ನೆ ಎಂದು ಬರೆದ ಮಾತ್ರಕ್ಕೆ

ದಾವಣಗೆರೆಯ ಓದುಗರೊಬ್ಬರ ಪತ್ರ: ‘ಮದುವೆಯಾಗಿ ಆರು ವರ್ಷ. ನಾಲ್ಕು ವರ್ಷ ನನಗೇ ಇಂಜೆಕ್ಷನ್, ಸ್ಕ್ಯಾನಿಂಗ್, ಹರಕೆ. ಕಡೆಗೆ ಯಜಮಾನರ ಪರೀಕ್ಷೆ ಮಾಡಿಸಿದರೆ ವೀರ್ಯಾಣು ಸೊನ್ನೆ. ದಾನಿಯ ವೀರ್ಯವೊಂದೇ ದಾರಿ ಎಂದರು. ನಿಜವೇ? ಅತ್ತೆಗೆ ಹೇಗೆ ಹೇಳಲಿ?’

ಸಂಪಾದಕರ ಉತ್ತರ:

ಪ್ರಿಯ ಸಹೋದರಿ, ಆ ನಾಲ್ಕು ವರ್ಷದ ಬಗ್ಗೆ ಓದಿ ಹೊಟ್ಟೆ ಉರಿಯಿತು. ಗಂಡಸಿಗೆ ಒಂದು ಸೂಜಿಯನ್ನೂ ಚುಚ್ಚದೆ ಮಾಡುವ ಪರೀಕ್ಷೆ ಅದು. ಮೊದಲ ವಾರದಲ್ಲೇ ಆಗಬೇಕಿತ್ತು.

ಒಂದೇ ವರದಿಯನ್ನು ನಂಬಬೇಡಿ, ಇನ್ನೊಮ್ಮೆ ಮಾಡಿಸಿ. ಆಗಲೂ ಸೊನ್ನೆಯೇ ಬಂದರೆ ಮುಂದಿನ ಪ್ರಶ್ನೆ: ವೀರ್ಯಾಣು ಹುಟ್ಟುತ್ತಿಲ್ಲವೋ, ಹುಟ್ಟಿಯೂ ಹೊರಬರುವ ನಾಳ ಮುಚ್ಚಿದೆಯೋ? ನಾಳ ಮುಚ್ಚಿದ್ದರೆ ವೃಷಣದಿಂದಲೋ ಅದರ ಪಕ್ಕದ ಸುರುಳಿ ನಾಳದಿಂದಲೋ ಸೂಜಿಯಲ್ಲೇ ತೆಗೆಯಬಹುದು. ಹುಟ್ಟುವುದೇ ಕಡಿಮೆಯಿದ್ದರೆ, ಸೂಕ್ಷ್ಮದರ್ಶಕವಿಟ್ಟು ವೃಷಣದೊಳಗೆ ಹುಡುಕುವ ‘ಮೈಕ್ರೋ ಟೀಸೆ’ ಶಸ್ತ್ರಚಿಕಿತ್ಸೆಯಿದೆ. ನುರಿತ ಕೈಯಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಿಗುತ್ತದೆ. ಅದಕ್ಕೆ ಮುಂಚೆ ಹಾರ್ಮೋನ್, ಕ್ರೋಮೋಸೋಮ್, ಗಂಡಸರಲ್ಲಷ್ಟೇ ಇರುವ ವೈ ಕ್ರೋಮೋಸೋಮಿನ ತುಣುಕು ಕಳಚಿದೆಯೇ ಎಂಬ ರಕ್ತಪರೀಕ್ಷೆ ಆಗಲೇಬೇಕು. ಕೆಲವು ತುಣುಕು ಪೂರ್ತಿ ಇಲ್ಲದಿದ್ದರೆ ಹುಡುಕಿ ಫಲವಿಲ್ಲ, ಕೊಯ್ಯಿಸಿಕೊಳ್ಳುವುದಾದರೂ ತಪ್ಪುತ್ತದೆ.

ಜಿಮ್ಮಿನಲ್ಲೋ ‘ಶಕ್ತಿ’ಗೆಂದೋ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ತೆಗೆದುಕೊಂಡಿದ್ದಾರೆಯೇ, ಕೇಳಿ. ವೀರ್ಯಾಣು ನಿಲ್ಲಿಸುವುದು ಅದೇ ಎಷ್ಟೋ ಸಲ! ವೈದ್ಯರ ಸಲಹೆಯಂತೆ ಬಿಟ್ಟರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಮರಳುತ್ತದೆ.

ಸಿಕ್ಕಿದ ಬೆರಳೆಣಿಕೆಯ ವೀರ್ಯಾಣುಗಳೇ ಸಾಕು ಎನ್ನುವಂತೆ ಮಾಡಿದ್ದು ಇಕ್ಸಿ, ಅಂದರೆ ವೀರ್ಯಾಣುವನ್ನು ಸೂಜಿಯಿಂದ ನೇರ ಅಂಡದೊಳಗೇ ಬಿಡುವ ವಿಧಾನ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಇದರಿಂದ ಹುಟ್ಟಿದ ಮೊದಲ ಶಿಶುಗಳ ವರದಿ ಪ್ರಕಟಿಸಿದರು. ದೇಹದ ಹೊರಗೆ ಅಂಡ, ವೀರ್ಯಾಣು ಕೂಡಿಸುವ ಮಾಮೂಲಿ ಐವಿಎಫ್‌ನಲ್ಲಿ ಅಂಡದ ಸುತ್ತ ಸಾವಿರಾರು ವೀರ್ಯಾಣು ಬಿಡಬೇಕು. ಇಲ್ಲಿ ಒಂದು ಅಂಡಕ್ಕೆ ಒಂದು. ಗಾಜಿನ ಕೊಳವೆ ಅಂಡವನ್ನು ಮೆಲ್ಲನೆ ಹೀರಿ ಹಿಡಿದಿರುತ್ತದೆ. ಕೂದಲಿಗಿಂತ ಸಣ್ಣ ಸೂಜಿ ವೀರ್ಯಾಣುವಿನ ಬಾಲವನ್ನು ಒತ್ತಿ, ಅದು ಅಲುಗಾಡದಂತೆ ಮಾಡಿ, ಅಂಡದೊಳಗೆ ಬಿಟ್ಟು ಬರುತ್ತದೆ.

ಆದರೆ ಅಂಡದೊಳಗೆ ಬಿಟ್ಟದ್ದೆಲ್ಲ ಮಗುವಾಗುವುದಿಲ್ಲ. ನಿಮ್ಮ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ತಡಮಾಡಬೇಡಿ. ವೈ ಕ್ರೋಮೋಸೋಮಿನ ದೋಷವಿದ್ದರೆ ಅದು ಗಂಡುಮಗುವಿಗೂ ಹೋಗುತ್ತದೆ, ಇದನ್ನು ವೈದ್ಯರೊಂದಿಗೆ ಮಾತಾಡಿಯೇ ಮುಂದುವರಿಯಿರಿ. ಕೊನೆಗೆ ದಾನಿಯ ದಾರಿಯೇ ಉಳಿದರೆ, ಇಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಕಾಯ್ದೆಯಂತೆ ಇಬ್ಬರ ಲಿಖಿತ ಒಪ್ಪಿಗೆ ಬೇಕು. ಮಗುವಿನ ಮೇಲೆ ದಾನಿಗೆ ಹಕ್ಕಿಲ್ಲ.

ಇವತ್ತೇ ವರದಿ ಹಿಡಿದು, ಪುರುಷ ಬಂಜೆತನ ನೋಡುವ ಯೂರಾಲಜಿ ವೈದ್ಯರ ಬಳಿಗೆ ಇಬ್ಬರೂ ಹೋಗಿ. ಅತ್ತೆಯವರಿಗೆ ನೀವು ಹೇಳಬೇಡಿ. ಆರು ವರ್ಷ ಮಾತು ಕೇಳಿಸಿಕೊಂಡವರು ನೀವು; ಈ ಮಾತನ್ನು ಅವರ ಮಗನೇ ಹೇಳಲಿ.